ಹಸಿರು ಚೀಟಿಯ ಯಜಮಾನಿ

ಭಾನುವಾರ, ಸಂಜೆ
(ಬೆಳಕು ಇನ್ನೂ ಇದೆ)

ಮಗಳೇ,

ಈ ಪತ್ರ ಬರೆಯುತ್ತಿರುವವಳು ನಿನ್ನ ಅಮ್ಮ, ಸಗಟು ಮಾರುಕಟ್ಟೆಯ ಈರುಳ್ಳಿ ಮಂಡಿಯ ಯಜಮಾನಿ. ಹೈಸ್ಕೂಲು ಮುಗಿಸಿದ ಮಾರನೆಯ ವರ್ಷವೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು ಯಾರು ಬಂದರೂ ಎದ್ದು ನಿಂತವಳಲ್ಲ. ನಾನು ಕೂಗಿದರೆ ಬೀದಿಯ ಆ ತುದಿಯಲ್ಲಿರುವ ಲಾರಿ ನಿಲ್ಲುತ್ತದೆ ಎಂದು ಹಮಾಲರು ಹೇಳುವುದು ಸುಳ್ಳಲ್ಲ. ಹೆತ್ತ ಮಗಳಿಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಓದುವಾಗ ಇದು ಬೇರೆ ಯಾರೋ ಬರೆದ ಪತ್ರ ಎಂದು ನಿನಗೆ ಅನ್ನಿಸಬಾರದು.

ನೀನು ವಿಪತ್ತು ವೈದ್ಯಕೀಯ ತಂಡಕ್ಕೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಾಗ ನಾನಾಡಿದ ಮಾತು ನನಗೂ ನೆನಪಿದೆ, ನಿನಗೂ ನೆನಪಿದೆ. ಗೋಡೆಗೆ ಕಿವಿಯಿಟ್ಟಿದ್ದ ಪಕ್ಕದ ಮನೆಯವಳಿಗಂತೂ ಬಾಯಿಪಾಠವಾಗಿದೆ. "ಆ ಕಿತ್ತಳೆ ಅಂಗಿ ಹಾಕ್ಕೊಂಡು ಈ ಹೊಸ್ತಿಲು ದಾಟಿದೋರು ಮತ್ತೆ ಒಳಗೆ ಬರೋ ಹಾಗಿಲ್ಲ." ಆಸ್ಪತ್ರೆಯಲ್ಲಿ ನೆಮ್ಮದಿಯ ನರ್ಸ್ ಕೆಲಸವಿರುವಾಗ ರಜೆ ಹಾಕಿ, ಭೂಮಿ ನಡುಗಿದ ಊರಿಗೆ ಹೋಗಿ, ಡೇರೆಯಲ್ಲಿ ಮಲಗುವುದು ಯಾವ ಬುದ್ಧಿ ಎಂದು ನನಗೆ ತಿಳಿಯಲಿಲ್ಲ. ಒಮ್ಮೆ ನಡುಗಿದ ಭೂಮಿ ಇನ್ನೊಮ್ಮೆ ನಡುಗುವುದಿಲ್ಲ ಎಂದು ಬರೆದುಕೊಟ್ಟವರು ಯಾರು? ನೀನು ಅಂಗಿಯ ಗುಂಡಿ ಹಾಕಿಕೊಂಡು ದಾಟಿದೆ. ನಿಮ್ಮಪ್ಪ ನಿನ್ನ ಬ್ಯಾಗು ಹಿಡಿದು ಬೀದಿಯ ತಿರುವಿನವರೆಗೂ ಬಂದರು. ಹಾಲು ತರಲು ಹೋಗಿದ್ದೆ ಎಂದು ನನಗೆ ಹೇಳಿದರು, ಬರಿಗೈಯಲ್ಲಿ ವಾಪಸು ಬಂದು.

ಆಮೇಲೆ ಮನೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ನನ್ನದು ಈರುಳ್ಳಿ ಮಂಡಿ. ಕಣ್ಣು ಒದ್ದೆಯಾದರೆ ಯಾರೂ ಕಾರಣ ಕೇಳುವುದಿಲ್ಲ.

ಒಂದು ಬೆಳಿಗ್ಗೆ, ನಿನ್ನನ್ನು ವಾಪಸು ಕರೆಸಿಯೇ ತೀರುತ್ತೇನೆಂದು ನಿಮ್ಮ ತಂಡದ ಗೋದಾಮಿಗೆ ಹೋದೆ. ಅಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡು ಅಭ್ಯಾಸ ನಡೆಸುತ್ತಿದ್ದರು. ಗಾಯಾಳುಗಳ ಪಾತ್ರಕ್ಕೆ ಜನ ಬರುವವರಿದ್ದರಂತೆ. ಬಾಗಿಲಲ್ಲಿದ್ದವರು ನನ್ನನ್ನೂ ಅವರಲ್ಲೊಬ್ಬಳೆಂದುಕೊಂಡು ಕೈಗೆ ಕೆಂಪು ಬಣ್ಣ ಬಳಿದು, ಕೊರಳಿಗೆ ಹಸಿರು ಚೀಟಿ ನೇತುಹಾಕಿಬಿಟ್ಟರು. "ನೀವು ಹಸಿರು ಅಮ್ಮಾ, ನಡೆದಾಡೋ ಗಾಯಾಳು. ಆ ಗೋಡೆ ಹತ್ರ ಕೂತಿರಿ. ಮೊದಲು ಕೆಂಪಿನೋರು, ಆಮೇಲೆ ಹಳದಿ, ಕೊನೇಲಿ ನೀವು." ಕೊನೆಯಲ್ಲಿ! ನಾನು! ನಾನ್ಯಾರು ಎಂದು ಹೇಳುವಷ್ಟರಲ್ಲಿ ಸೀಟಿ ಊದಿದರು.

ಮೇಜಿನ ಮೇಲಿದ್ದ ಕೆಂಪು ಚೀಟಿಯೊಂದನ್ನು ಎತ್ತಿ ನಾನೇ ಕೊರಳಿಗೆ ಹಾಕಿಕೊಂಡೆ. "ಡಾಕ್ಟ್ರು ಎಲ್ಲಿ? ಕರೀರಿ!" ಎಂದು ಮಂಡಿಯ ದನಿಯಲ್ಲಿ ಕೂಗಿದೆ. ಸ್ಟ್ರೆಚರ್ ಓಡಿ ಬಂತು. ನನ್ನನ್ನು ಹೊತ್ತವರು ಏದುಸಿರು ಬಿಟ್ಟರು. ನಾನು ಮೇಲೆ ಮಲಗಿಕೊಂಡೇ ಡಾಕ್ಟರಿಗೆ ನಿನ್ನ ವಿಷಯ ಹೇಳಲು ಶುರುಮಾಡಿದೆ.

ಮತ್ತೆ ಸೀಟಿ ಊದಿದರು. ನಿಮ್ಮ ಮುಖ್ಯಸ್ಥರು, ಆ ಬೋಳುತಲೆಯ ಡಾಕ್ಟರು, ಡ್ರಮ್ಮುಗಳ ಹಿಂದೆ ಕೈ ತೋರಿಸಿದರು. ಅಲ್ಲೊಬ್ಬಳು ಹುಡುಗಿ ತುಟಿ ಪಿಟಕ್ಕೆನ್ನದೆ ಮಲಗಿದ್ದಳು. ಅವಳ ಕೊರಳಲ್ಲೂ ಕೆಂಪು ಚೀಟಿ. "ಇವಳು ಹೋದಳು," ಎಂದರು ಡಾಕ್ಟರು. "ಸ್ಟ್ರೆಚರ್ ನಿಮ್ಮ ಹತ್ರ ಇತ್ತು." ಹುಡುಗಿ ಎದ್ದು ಬಟ್ಟೆ ಕೊಡವಿಕೊಂಡು ನಕ್ಕಳು. ನಿನ್ನದೇ ವಯಸ್ಸು, ನಿನ್ನ ಹಾಗೆಯೇ ಸಡಿಲ ಜಡೆ. ನನಗೆ ನಗು ಬರಲಿಲ್ಲ.

ಅವರು ಬೈದಿದ್ದರೆ ಸುಲಭವಾಗುತ್ತಿತ್ತು. "ಕೂಗೋರಿಗೆ ಉಸಿರಿದೆ ಅಂತ ಅರ್ಥ ಅಮ್ಮಾ. ಸುಮ್ಮನಿರೋರ ಹತ್ರ ನಾವು ಮೊದಲು ಹೋಗಬೇಕು. ನಿಮ್ಮ ಮಗಳು ಅದರಲ್ಲಿ ಗಟ್ಟಿಗಿತ್ತಿ, ಯಾರ ಕೂಗಿಗೂ ತಿರುಗಲ್ಲ," ಎಂದರು. ತಿರುಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಹೊಸ್ತಿಲ ಹತ್ತಿರ ನಿಂತು ನಾನೂ ನಿನ್ನ ಬೆನ್ನಿಗೆ ಕೂಗಿದ್ದೆನಲ್ಲ.

ನಿನ್ನನ್ನು ಕರೆಸುವ ಮಾತು ಬಾಯಲ್ಲೇ ಉಳಿಯಿತು. ಚೀಟಿಗಳನ್ನು ತೆಗೆಯುವುದನ್ನೂ ಮರೆತು ಮನೆಗೆ ಬಂದೆ. ನಿಮ್ಮಪ್ಪ ಕನ್ನಡಕ ಏರಿಸಿ ನೋಡಿ, "ಯಾವ ಅಂಗಡಿಯವರು ಹಾಕಿದ್ದು? ರೇಟು ಬರೆದಿಲ್ವಲ್ಲ," ಎಂದರು. ಚೀಟಿಗಳನ್ನು ಗಲ್ಲಾಪೆಟ್ಟಿಗೆಯಲ್ಲಿ ಹಾಕಿಟ್ಟೆ.

ಮುಂದಿನ ವಾರವೇ ಮಾರುಕಟ್ಟೆಯ ತಗಡಿನ ಚಾವಣಿ ಕುಸಿಯಿತು. ಮಟಮಟ ಮಧ್ಯಾಹ್ನ, ಗಾಳಿ ಎದ್ದು ಆಲೂಗೆಡ್ಡೆ ಸಾಲಿನ ಕಂಬ ಮುರಿಯಿತು. ನಿಮ್ಮ ತಂಡದಲ್ಲಿ ಉಳಿದಿದ್ದವರು ಬೇಗನೆ ಬಂದರು, ಆದರೆ ಅರ್ಧ ಜನ ನಿನ್ನ ಜೊತೆ ಇದ್ದರಲ್ಲ. ಕೈ ತರಚಿದವರು, ಮೊಣಕಾಲು ಒಡೆದವರು ಎಲ್ಲರೂ ವಾಹನಕ್ಕೆ ಮುಗಿಬಿದ್ದರು. ಡಾಕ್ಟರ ಬೋಳುತಲೆ ಜನರ ನಡುವೆ ಮುಳುಗಿಹೋಯಿತು. ಅಲ್ಲಿದ್ದ ಪ್ರತಿಯೊಬ್ಬರೂ, ಮಗಳೇ, ಗೋದಾಮಿನಲ್ಲಿ ಕೂಗಿದ ನಾನೇ.

ತೂಕದ ಕಟ್ಟೆ ಹತ್ತಿದೆ. "ನಡೆಯೋಕಾಗೋರೆಲ್ಲ ನನ್ನ ಮಂಡಿ ಗೋಡೆಗೆ! ಪಕ್ಕದೋರ ಗಾಯ ಒತ್ತಿ ಹಿಡೀರಿ! ದಾರಿ ಬಿಡಿ!" ಲಾರಿ ನಿಲ್ಲಿಸುವ ದನಿ ಅವತ್ತು ಕೆಲಸಕ್ಕೆ ಬಂತು. ಜನ ಸರಿದರು, ಒಬ್ಬರನ್ನು ಬಿಟ್ಟು. ನನಗೆ ಬುತ್ತಿ ತಂದಿದ್ದ ನಿಮ್ಮಪ್ಪ ಹಣೆಯಲ್ಲಿ ರಕ್ತ ಸುರಿಸಿಕೊಂಡು ವಾಹನದ ಬಾಗಿಲಲ್ಲೇ ನಿಂತಿದ್ದರು. ಕಟ್ಟೆಯಿಂದ ಹಾರಿ ಇಳಿದೆ. ಹತ್ತಿರ ಹೋಗಿ ನೋಡಿದೆ. ಚರ್ಮ ಸೀಳಿತ್ತು ಅಷ್ಟೆ, ಬಾಯಿ ಜೋರಾಗಿಯೇ ಇತ್ತು. ಗಲ್ಲಾಪೆಟ್ಟಿಗೆಯಿಂದ ಹಸಿರು ಚೀಟಿ ತಂದು ಅವರ ಕೊರಳಿಗೆ ಹಾಕಿದೆ.

"ಕಟ್ಕೊಂಡ ಗಂಡನಿಗೇ ಹಸಿರೇನೇ?"

"ಮಾತಾಡ್ತಿದ್ದೀರಲ್ಲ, ಹಸಿರೇ. ಗೋಡೆಗೆ ನಡೀರಿ."

ಅವರು ಹೋಗಿ ಕೂತದ್ದನ್ನು ನೋಡಿದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಸದ್ದಡಗಿತು. ಆಗ ಕೇಳಿದೆ: "ನಿಮ್ಮ ನಿಮ್ಮ ಹಮಾಲರನ್ನ ನೋಡ್ಕೊಳ್ಳಿ. ಯಾರ ದನಿ ಕೇಳ್ತಿಲ್ಲ ಹೇಳಿ!" ಕೇಳಿದ ಮೇಲೆ ನನಗೇ ಹೊಳೆಯಿತು. ನಮ್ಮ ಉದ್ದಣ್ಣ. ಬೆನ್ನ ಮೇಲೆ ಮೂಟೆಯಿದ್ದರೂ ಹಾಡು ನಿಲ್ಲಿಸದವನ ಹಾಡು ಕೇಳುತ್ತಿರಲಿಲ್ಲ. ನನ್ನದೇ ಮಂಡಿಯ ಹಿಂಬದಿ, ಉರುಳಿದ ಮೂಟೆಗಳ ಕೆಳಗೆ ಎದೆಯವರೆಗೆ ಹೂತು ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಅವನ ಹೆಸರು ಹಿಡಿದು ಕೂಗಿದೆ, ಗಲ್ಲಾಪೆಟ್ಟಿಗೆಯಲ್ಲಿ ಉಳಿದಿದ್ದ ಕೆಂಪು ಚೀಟಿ ತಂದು ಎತ್ತಿ ತೋರಿಸಿದೆ. ದಾರಿ ತೆರವಾಗಿದ್ದರಿಂದ ಡಾಕ್ಟರು ಓಡಿಯೇ ಬಂದರು.

ಅವತ್ತು ನಮ್ಮ ಮಾರುಕಟ್ಟೆಯಿಂದ ಒಂದು ಹೆಣವೂ ಹೋಗಲಿಲ್ಲ. ಉದ್ದಣ್ಣ ಈಗ ಆಸ್ಪತ್ರೆಯ ಮಂಚದಲ್ಲಿ ಹಾಡುತ್ತಿದ್ದಾನೆ. ವಾರ್ಡಿನವರು ಬೇಗ ಮನೆಗೆ ಕಳಿಸಿದರೆ ಸಾಕು ಎನ್ನುತ್ತಿದ್ದಾರೆ. "ಯಜಮಾನಿ ನನ್ನ ಹೆಸರು ಹಿಡಿದು ಕೂಗಿದ್ರೂ ಬೈಯದೇ ಇದ್ದಿದ್ದು ಅದೊಂದೇ ಸಲ," ಎಂದು ಬಂದವರಿಗೆಲ್ಲ ಹೇಳುತ್ತಾನಂತೆ.

ಡಾಕ್ಟರು ಮಂಡಿಗೆ ಬಂದಾಗ ನಾನು ಎದ್ದು ನಿಂತೆ. ನೀನು ನಂಬುವುದಿಲ್ಲ, ನಿಮ್ಮಪ್ಪನನ್ನು ಕೇಳು. ಅವರೇನಾದರೂ ಹೇಳುವ ಮೊದಲೇ, ನನ್ನನ್ನೂ ತಂಡಕ್ಕೆ ಸೇರಿಸಿಕೊಳ್ಳುತ್ತೀರಾ ಎಂದು ನಾನೇ ಕೇಳಿಬಿಟ್ಟೆ. ತರಬೇತಿಯಲ್ಲಿ ನಾನು ಕಟ್ಟಿದ ಪಟ್ಟಿ ಮೂಟೆಯ ಬಾಯಿ ಹೊಲಿದ ಹಾಗಿದೆ ಎಂದು ನಕ್ಕರು. ಗಾಯದ ಹತ್ತಿರ ನನ್ನನ್ನು ಬಿಡುವುದಿಲ್ಲವಂತೆ. ಸಾಲು, ಸಂಬಂಧಿಕರು, ಅಳು, ಜಗಳ, ಇದೆಲ್ಲ ನನ್ನ ಪಾಲು. ಹಸಿರಿನವರಿಗೆಲ್ಲ ನಾನೇ ಯಜಮಾನಿ.

ಇನ್ನು ಆ ಹೊಸ್ತಿಲ ಮಾತು. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡವಳಲ್ಲ, ಈಗಲೂ ತೆಗೆದುಕೊಳ್ಳುವುದಿಲ್ಲ. ನಿಮ್ಮ ತಂಡದ ಅದೇ ಕಿತ್ತಳೆ ಅಂಗಿ ಹಾಕಿಕೊಂಡು, ತೋಳು ಉದ್ದವಾಯಿತೆಂದು ಮಡಿಚಿಕೊಂಡು, ಅದೇ ಹೊಸ್ತಿಲನ್ನು ನಾನೂ ದಾಟಿದ್ದೇನೆ. ಪಕ್ಕದ ಮನೆಯವಳು ನೋಡಲಿ ಎಂದು ನಿಧಾನವಾಗಿಯೇ ದಾಟಿದೆ. ಒಳಗೆ ಬರುವ ಹಾಗಿಲ್ಲ ಎನ್ನುವುದು ಈಗ ಇಬ್ಬರಿಗೂ ಸೇರಿದ್ದು. ಕೆಲಸ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಬಾಗಿಲು ತಟ್ಟೋಣ. ತೆಗೆಯುವುದು ಬಿಡುವುದು ನಿಮ್ಮಪ್ಪನಿಗೆ ಬಿಟ್ಟದ್ದು. ಹಣೆಗೆ ಪಟ್ಟಿ ಕಟ್ಟಿಕೊಂಡು ಅವರು ಈ ಸಲ ನನ್ನ ಬ್ಯಾಗನ್ನೂ ಬೀದಿಯ ತಿರುವಿನವರೆಗೆ ಹೊತ್ತರು.

ಇಂತಿ,
ಯಾರ ಮುಂದೆಯೂ ಎದ್ದು ನಿಲ್ಲದಿದ್ದ
ನಿನ್ನ ಅಮ್ಮ

ಬರೆಯಲು ಮರೆತಿದ್ದೆ: ಪತ್ರಕ್ಕೆ ಅಂಚೆಚೀಟಿ ಇಲ್ಲವೆಂದು ಗಾಬರಿಯಾಗಬೇಡ. ಡಾಕ್ಟರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಾವು ಎರಡನೆಯ ತಂಡದವರು ಈಗಷ್ಟೇ ಬಂದಿಳಿದೆವು. ನಿಮ್ಮ ಔಷಧಿ ಡೇರೆಯ ಹೊರಗೆ, ಪೆಟ್ಟಿಗೆಯ ಮೇಲೆ ಕೂತು ಇದನ್ನು ಬರೆದಿದ್ದೇನೆ. ನೀನು ಈ ಕಡೆ ಬೆನ್ನು ಹಾಕಿ ಯಾರದೋ ಕಾಲಿಗೆ ಪಟ್ಟಿ ಕಟ್ಟುತ್ತಿರುವುದು ಇಲ್ಲಿಂದ ಕಾಣುತ್ತಿದೆ. ಇಳಿದುಹೋಗಿದ್ದೀಯ. ಕೂಗಿದರೆ ನೀನು ತಿರುಗುವುದಿಲ್ಲವಲ್ಲ, ಅದಕ್ಕೇ ಸುಮ್ಮನೆ ಕೂತಿದ್ದೇನೆ. ಸುಮ್ಮನಿರುವವರ ಹತ್ತಿರ ನೀವು ಮೊದಲು ಬರಬೇಕು.