ಹಲಗೆಯ ಕೆಳಗಿನ ನೆಲ

ಸಿಯೆನಾ, ಫೆಬ್ರುವರಿ ೧೧

ನೊರ್ಮಾ ಅತ್ತಿಗೆಗೆ,

ನಿಮ್ಮ ಮಗಳು ಕೊಡಿಸಿದ, ಸಾಲಲ್ಲಿ ನಿಲ್ಲದೆ ಒಳಗೆ ಬಿಡುವ ಟಿಕೆಟ್ ಹಿಡಿದು ದೊಡ್ಡ ಚರ್ಚಿಗೆ ಬಂದೆ. ಬಾಗಿಲಲ್ಲಿ ನಾನೊಬ್ಬನೇ. ಕಾವಲಿನವನು ನಕ್ಕ: “ಏನಜ್ಜಾ, ಯಾರನ್ನ ಹಿಂದೆ ಹಾಕೋಕೆ ಇದನ್ನ ತಂದ್ರಿ?” ಒಳಗೆ ನೋಡಿದರೆ, ನಿಮ್ಮ ತಂಗಿ ಅಸುಂತಾ ನೋಡಲು ಆಸೆಪಟ್ಟಿದ್ದ ಆ ಅಮೃತಶಿಲೆಯ ಚಿತ್ರದ ನೆಲಕ್ಕೆ ಹಲಗೆ ಮುಚ್ಚಿದ್ದಾರೆ. “ಸವೆಯುತ್ತೆ ಅಂತ ಮುಚ್ತೀವಿ. ಬೇಸಿಗೆ ಕೊನೆಗೆ ತೆಗೀತೀವಿ. ಆಗ ಉದ್ದ ಸಾಲು ಇರೋದೇ ಅದಕ್ಕೆ,” ಅಂದ.

ಬದುಕಿದ್ದಾಗ ಅವಳು ಪ್ರತಿ ಸೆಪ್ಟೆಂಬರಿನಲ್ಲೂ ಹಟ ಹಿಡಿದು ನನ್ನನ್ನು ಇಲ್ಲಿಗೆ ಕರೆತರುತ್ತಿದ್ದಳು. ಸೆಪ್ಟೆಂಬರೇ ಯಾಕೆಂದು ನಾನು ಕೇಳಲಿಲ್ಲ. ಸಾಲು ನೋಡಿದವನೇ, “ಜನ ಇಲ್ಲದಾಗ ಬರೋಣ, ಊಟದ ಹೊತ್ತು ಮೀರುತ್ತೆ” ಅಂತ ಎಳೆದುಕೊಂಡು ಹೋಗುತ್ತಿದ್ದೆ.

ಪಕ್ಕದಲ್ಲಿದ್ದ ಇಂಗ್ಲಿಷ್ ಹೆಂಗಸಿಗೆ ಕಾಲೇಜಿನಲ್ಲಿ ಕಲಿತಿದ್ದನ್ನು ಹುಡುಕಿ, “ವೆರಿ ಬ್ಯೂಟಿಫುಲ್ ಫ್ಲೋರ್, ಮೈ ವೈಫ್...” ಅಂದೆ. ಮುಂದಿನದು ನೆನಪಾಗಲಿಲ್ಲ. ಆಕೆ ಹಲಗೆಗಳನ್ನು ನೋಡಿ, ಪಾಪ, ತಲೆಯಾಡಿಸಿದಳು.

ಮಂಡಿನೋವು ಪರವಾಗಿಲ್ಲ. ನಿಮಗೆ ಬಾದಾಮಿ ಬಿಸ್ಕತ್ತು ತೆಗೆದುಕೊಂಡಿದ್ದೇನೆ. ಸೆಪ್ಟೆಂಬರಿನಲ್ಲಿ ನೀವೂ ಬನ್ನಿ ಅತ್ತಿಗೆ. ಈ ಟಿಕೆಟ್ ಬೇಡ, ಸಾಲಿನಲ್ಲೇ ನಿಲ್ಲೋಣ, ಊಟ ತಪ್ಪಿದರೆ ತಪ್ಪಲಿ. ಕಾರ್ಡಿನಲ್ಲಿ ಜಾಗವಿಲ್ಲ.

ಎಜಿಸ್ತೊ