ಇಶಾಡ ಕಾಯಿ ಮಾಗಿದ ಕೋಣೆ

ಹಟ್ಟಿಕೇರಿ, ಅಂಕೋಲಾ
ಮೇ ೧೯, ೨೦೨೪

ಪ್ರೀತಿಯ ಸತೀಶ,

ಹಡಗಿನಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಅತ್ತೆ ಕೊಟ್ಟ ಎಣ್ಣೆ ಹಚ್ಚುತ್ತೀಯೋ, ಪೆಟ್ಟಿಗೆಯ ತಳದಲ್ಲೇ ಇಟ್ಟಿದ್ದೀಯೋ? ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ. ಫೋನು ಅರ್ಧ ಮಾತಿಗೇ ಕಡಿದುಹೋಗುತ್ತದೆ. ಅದಕ್ಕೇ ನಿಮ್ಮ ಹಡಗಿಗೆ ಸೇರಲು ಹೊರಟಿರುವ ಸುನಿಲನ ಕೈಯಲ್ಲಿ ಈ ಪತ್ರವನ್ನೂ ಮಿಡಿ ಉಪ್ಪಿನಕಾಯನ್ನೂ ಕಳಿಸುತ್ತಿದ್ದೇನೆ.

ನಿನ್ನಪ್ಪನಿಗೆ ಇಷ್ಟವಿಲ್ಲದಿದ್ದರೆ ಕಾರವಾರದ ಕೆಲಸ ಬಿಟ್ಟುಬಿಡು ಎಂದಿದ್ದೆಯಲ್ಲ, ಅದು ನನ್ನನ್ನು ಕೊರೆಯುತ್ತಲೇ ಇತ್ತು. ಅಷ್ಟರಲ್ಲಿ ಇಲ್ಲಿನ ಮಾವು ಬೆಳೆಗಾರರ ಸಂಘ ಹಣ್ಣು ಮಾಗಿಸುವ ಕೋಣೆ ಕಟ್ಟಿಸಿತು. ಅದನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವ ಕೆಲಸ ನನಗೇ ಬಂತು. ಕಾರವಾರದ ಕಟ್ಟಡಗಳ ಎಸಿ, ದೀಪಗಳಿಗೆ ಬರೆಯುವಂತೆಯೇ ಇದೂ: ಮಾಗಿಸುವ ಅನಿಲ ಬಿಡು, ಇಷ್ಟು ಹೊತ್ತು ಮುಚ್ಚಿಡು, ಫ್ಯಾನು ಹಾಕಿ ಬಿಸಿಗಾಳಿ ಹೊರದೂಡು, ಮತ್ತೆ ಮೊದಲಿಂದ ಶುರುಮಾಡು. “ನಿನ್ನ ಯಂತ್ರಕ್ಕೆ ಮೂಗದ್ಯೇ?” ಎಂದು ಮಾವ ನಕ್ಕರು. ಆದರೂ ಸಂಘದವರ ಒತ್ತಾಯಕ್ಕೆ ತಮ್ಮ ತೋಟದ ಇಶಾಡ ಮಾವಿನ ಕಾಯನ್ನೆಲ್ಲ ಕೋಣೆಗೆ ಹಾಕಿದರು. ಅದು ಕೊಳೆತರೆ ನನ್ನ ಕೆಲಸದ ಕಥೆಯೂ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಮರುದಿನ ನೋಡಿದರೆ ಕೋಣೆ ಬಾಣಲೆಯಂತೆ ಕಾದಿತ್ತು. ಫ್ಯಾನು ತಿರುಗಿದ್ದೇ ಇಲ್ಲ! ತಂತಿ ನೋಡಿದೆ, ಏಣಿ ಹತ್ತಿದೆ, ಕಾರಣ ಸಿಗಲಿಲ್ಲ. ಆಗ ನಿನ್ನಪ್ಪ ಬಂದರು. ಬಾಗಿಲು ತೆರೆದು, ಒಂದು ಕಾಯಿ ಮೂಗಿಗೆ ಹಿಡಿದು, ಮುಚ್ಚಿ ಹೊರಟುಹೋದರು. ಹುಲ್ಲಿನಲ್ಲಿ ಹಣ್ಣಿಗಿಟ್ಟ ಕಾಯನ್ನು ಗಳಿಗೆಗೊಮ್ಮೆ ಮೂಸಿ ನೋಡುವುದು ಅವರ ಜನ್ಮದ ಅಭ್ಯಾಸವಲ್ಲವೇ? ಬಾಗಿಲು ತೆರೆದರೆ ಎಲ್ಲ ಮೊದಲಿಂದ ಶುರುವಾಗಲಿ ಎಂದು ಬರೆದವಳು ನಾನೇ. ಫ್ಯಾನಿನ ಸರದಿ ಬರುವ ಮೊದಲೇ ಪೆಟ್ಟಿಗೆ ಪಾಪ, ಮತ್ತೆ ಮತ್ತೆ ಆರಂಭಕ್ಕೆ ಹೋಗುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಣೆಗೆ ಬೀಗ ಹಾಕಬಹುದಿತ್ತು, ಮನಸ್ಸಾಗಲಿಲ್ಲ. ಬಾಗಿಲು ತೆರೆದಾಗ ಇದ್ದಲ್ಲೇ ನಿಲ್ಲು, ಮುಚ್ಚಿದ ಮೇಲೆ ಅಲ್ಲಿಂದಲೇ ಮುಂದುವರಿ ಎಂದು ತಿದ್ದಿದೆ. ಮಾವ ಮೂಸುತ್ತಲೇ ಇದ್ದರು, ಫ್ಯಾನೂ ತಿರುಗಿತು. ಹಣ್ಣು ಎಷ್ಟು ಚೆನ್ನಾಗಿ ಬಂತೆಂದರೆ ಅತ್ತೆ ನಿನ್ನ ಪಾಲನ್ನೂ ರಸಾಯನ ಮಾಡಿ ನಮಗೇ ಬಡಿಸಿಬಿಟ್ಟರು. ನನಗೆ ತುಂಬ ಖುಷಿಯಾಗಿದೆ, ಸತೀಶ.

ಡೆಕ್ಕಿನ ಮೇಲೆ ಟೊಪ್ಪಿ ಇಲ್ಲದೆ ತಿರುಗಬೇಡ. ಅತ್ತೆ-ಮಾವನ ಆಶೀರ್ವಾದ ಇದರ ಜೊತೆಗಿದೆ, ನನ್ನ ಪ್ರೀತಿಯೂ.

ನಿನ್ನ
ವಿಜೇತಾ

ತಾ.ಕ.: ಸುನಿಲ ಬೈಕು ಚಾಲೂ ಮಾಡಿಯೇ ಬಿಟ್ಟ, ಮುಖ್ಯ ಮಾತೇ ಉಳಿಯಿತು. ನಾನು ಕೆಲಸ ಬಿಡುವುದಿಲ್ಲ. ಸೊಸೆ ಕೆಲಸ ಬಿಡುತ್ತಾಳಂತೆ ಹೌದೇ ಎಂದು ಸಂಘದ ಜಟ್ಟಿ ನಿನ್ನೆ ಕೇಳಿದ್ದಕ್ಕೆ ಮಾವ, “ಯಾರು ಹೇಳದ್ದು? ಸತೀಶನೇ? ಅವಂಗೆಂತ ಗೊತ್ತದೆ!” ಎಂದು ಗದರಿದರು. ಮುಂದಿನ ಸಲ ಫೋನು ಮಾಡಿದಾಗ ಆ ಮಾತು ಎತ್ತಬೇಡ, ಬೈಗುಳ ನಿನಗೇ ಬೀಳುತ್ತದೆ.