ಮೀನೆಂದು ಕೊಂದರೆ ಮೀನು

ಬೋಳಾರ, ಮಂಗಳೂರು
ತಾ. 14-11-1987

ಮಗಾ ತಾರಾನಾಥ,

ಒಸಾಕಾದಲ್ಲಿ ಕುಳಿತ ನಿನ್ನ ತಲೆಯ ಮೇಲೆ ಬೋಳಾರದಿಂದಲೇ ಕೈ ಇಟ್ಟಿದ್ದೇನೆ ಎಂದು ತಿಳಿ. ಮೊದಲು ಆರೋಗ್ಯ ಹೇಳು. ಚೂರಿ ತಾಗಿದ ಹೆಬ್ಬೆರಳು ಒಣಗಿತಾ? ಅರಸಿನ ಹಚ್ಚು ಎಂದು ಬರೆದರೆ ಅಲ್ಲಿ ಅರಸಿನ ಸಿಗುವುದಿಲ್ಲ ಎಂದೆ. ಅರಸಿನ ಸಿಗದ ಊರಿನವರು ಅಡಿಗೆ ಕಲಿಸಲು ಶಾಲೆ ಇಟ್ಟಿದ್ದಾರಲ್ಲ, ಅವರ ಧೈರ್ಯ ಮೆಚ್ಚಬೇಕು. ಚಳಿ ಶುರುವಾಗಿರಬಹುದು, ಕೆಮ್ಮು ಹೇಗುಂಟು? ನೀನು ಕಳಿಸಿದ ಫೋಟೋದಲ್ಲಿ ಬಿಳಿ ಅಂಗಿ ಹಾಕಿ, ಕೂದಲು ಗಿಡ್ಡಕ್ಕೆ ಕತ್ತರಿಸಿ ನಿಂತದ್ದು ಕಂಡು ನಿನ್ನ ಅಮ್ಮ "ಇವ ಯಾರ ಸೂತಕಕ್ಕೆ ತಲೆ ಬೋಳಿಸಿದ" ಎಂದು ಅಳಲು ಕುಳಿತಳು. ಶಾಲೆಯ ಕಟ್ಟಳೆ ಮಾರಾಯ್ತಿ ಎಂದು ಸಮಾಧಾನ ಮಾಡಿದ್ದೇನೆ. ನನ್ನದು ಕೇಳಿದರೆ, ಮೊಣಗಂಟು ಬಾತಿದೆ, ನಾಲಿಗೆ ಮಾತ್ರ ಗಟ್ಟಿ ಉಂಟು. ಅಮ್ಮನ ಕೈಯ ಬಿಳಿಕಲೆ ಈಗ ಮೊಣಕೈ ದಾಟಿದೆ. ಮುಲಾಮು ಹಚ್ಚುತ್ತಾಳೆ, ಯಾರಾದರೂ ಬಂದರೆ ಸೆರಗು ಎಳೆದುಕೊಳ್ಳುತ್ತಾಳೆ. ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಗುಣವಾಗುತ್ತದೆ ಎಂದು ಒಂದು ಸಲವೂ ಹೇಳಿದ್ದಿಲ್ಲ.

ನಿನ್ನ ಕಾಗದ ಬಂದಂದಿನಿಂದ ಈ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದಿದ್ದಾರೆ. ಹುಳಿ ಹಾಕಿದ ಅನ್ನದ ಸಣ್ಣ ಮುದ್ದೆ, ಅದರ ಮೇಲೊಂದು ತುಂಡು ಹಸಿ ಮೀನು, ಅದಕ್ಕೆ ಸುಶಿ ಎಂದು ಹೆಸರು, ಇಷ್ಟು ನಾವು ಒಪ್ಪಿಕೊಂಡಾಗಿತ್ತು. ಕೇಳಿದವರಿಗೆಲ್ಲ ಮೊಮ್ಮಗ ಜಪಾನಿನಲ್ಲಿ ದೊಡ್ಡ ಹೋಟೆಲಿನ ಕೆಲಸ ಕಲಿಯುತ್ತಿದ್ದಾನೆ ಎನ್ನುತ್ತೇನೆ. ಹಸಿ ಮೀನು ಎಂದು ಬಾಯಿ ಬಿಟ್ಟರೆ ಆ ಕೆಲಸ ನಮ್ಮ ಬೆಕ್ಕಿಗೂ ಗೊತ್ತುಂಟಲ್ಲ ಎಂದಾರು. ಮೊದಲ ವರ್ಷ ಪೂರ್ತಿ ಅಕ್ಕಿ ತೊಳೆದೆ, ಬಿಸಿ ಅನ್ನಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿದೆ, ಚೂರಿ ಮಸೆದೆ. ನಮ್ಮಲ್ಲಿ ಹೊಸ ಅಳಿಯನಿಗೂ ಅಷ್ಟು ಗಾಳಿ ಹಾಕುವವರಿಲ್ಲ. ಅದೆಲ್ಲ ದಾಟಿ ಮೀನು ಮುಟ್ಟಲು ಬಿಟ್ಟಾಗ ನೀನು ಎಷ್ಟು ಸಂತೋಷದಿಂದ ಬರೆದಿದ್ದೆ. ಈಗ ನೋಡಿದರೆ ಈ ಹಾವುಮೀನು ಅಡ್ಡ ಬಂದಿದೆ. ಜೀವ ಇರುವಾಗಲೇ ಹಲಗೆಯ ಮೇಲಿಟ್ಟು, ತಲೆಗೆ ಮೊಳೆ ಹೊಡೆದು, ಉದ್ದಕ್ಕೆ ಸೀಳಿ, ಮತ್ತೆ ಸುಟ್ಟು ಅನ್ನದ ಮೇಲಿಡಬೇಕಂತೆ. ನೀನು ಮೊಳೆ ಹಿಡಿದು ನಿಂತೆ, ಕೈ ಏಳಲಿಲ್ಲ, ಮೇಷ್ಟ್ರು ಹೊರಗೆ ಕಳಿಸಿದರು. ತಿಂಗಳ ಕೊನೆಗೆ ಇನ್ನೊಂದೇ ಸಲ ಪರೀಕ್ಷೆ. ಅದರಲ್ಲೂ ಆಗದಿದ್ದರೆ ಸರ್ಟಿಫಿಕೇಟು ಇಲ್ಲ. ಅದಿಲ್ಲದಿದ್ದರೆ ಮೋಹನದಾಸ ಮಾವ ಅವರಿವರ ಕಾಲು ಹಿಡಿದು ಬೊಂಬಾಯಿಯ ಹೋಟೆಲಿನಲ್ಲಿ ನಿನಗೆಂದು ಇಡಿಸಿದ ಜಾಗವೂ ಇಲ್ಲ. ಇಷ್ಟು ಬರೆದು ಕೊನೆಗೆ "ಅಜ್ಜೀ, ಹಾವುಮೀನು ನಾಗನ ಜಾತಿಯಾ, ಕೇಳಿ ಬರೆಯಿರಿ" ಎಂದು ಕೇಳಿದ್ದಿ.

ನಿನ್ನ ಅಪ್ಪ ಕಾಗದ ಓದಿ ಮೇಜಿನ ಮೇಲೆ ಎಸೆದರು. "ಮೀನು ಮೀನೇ. ಎಂಟು ಕಾಲಿನ ಬೊಂಡಾಸ್ ಮೀನು ಕೊಯ್ಯುವಾಗ ಇವನಿಗೆ ಯಾವ ದೇವರೂ ನೆನಪಾಗಲಿಲ್ಲವಾ" ಎಂದರು. ಅವರಿಗೆ ಹೇಳುವುದು ಸುಲಭ. ನಮ್ಮದು ಅಳಿಯಸಂತಾನ, ನೀನು ಅಮ್ಮನ ಕುಟುಂಬದವ, ನಿನ್ನ ನಾಗ ನಮ್ಮ ವಾಮಂಜೂರಿನ ನಾಗಬನದವ. ಅವರ ನಾಗ ಅವರ ಅಮ್ಮನ ಕಡೆಯ ಬನದಲ್ಲಿ ತಣ್ಣಗೆ ಮಲಗಿದ್ದಾನೆ. ಪಕ್ಕದವರ ಗದ್ದೆಗೆ ಎಮ್ಮೆ ಇಳಿದರೆ ಇವರಿಗೆಂತ ಉರಿ. ವಾಮಂಜೂರಿನ ಗದ್ದೆ ನಮ್ಮ ಕೈಬಿಟ್ಟ ಮೇಲೆ ಅಲ್ಲಿ ಯಾರೋ ಮನೆ ಕಟ್ಟಲು ಅಗೆದದ್ದು, ಬನದ ಬದಿಯಲ್ಲಿ ಹಾರೆ ತಾಗಿ ನಾಗರಹಾವು ತುಂಡಾದದ್ದು ನಿನಗೆ ನೆನಪುಂಟು. ಹಾರೆ ಯಾರದ್ದಾದರೇನು, ಬನ ನಮ್ಮದು. ಸತ್ತ ಮನುಷ್ಯನ ಹಾಗೆ ಅದಕ್ಕೆ ಬಿಳಿ ಬಟ್ಟೆ ಹೊದೆಸಿ, ತುಪ್ಪ ಎರೆದು, ಗಂಧದ ಚಕ್ಕೆ ಇಟ್ಟು ಭಟ್ಟರ ಕೈಯಲ್ಲಿ ಸಂಸ್ಕಾರ ಮಾಡಿಸಿದೆವು. ನೀನು ಚಡ್ಡಿ ಹಾಕಿದ ಪೋರ, ನನ್ನ ಸೆರಗು ಹಿಡಿದು "ಅದಕ್ಕೆ ಉರಿಯುವುದಿಲ್ಲವಾ ಅಜ್ಜೀ" ಎಂದು ಕೇಳಿದ್ದಿ. ಆ ವರ್ಷವೇ ಅಮ್ಮನ ಬೆರಳಿನಲ್ಲಿ ಮೊದಲ ಕಲೆ ಕಂಡದ್ದು, ನಾಗದೋಷ ಎಂದರು ಎಲ್ಲರೂ. ಹಾವಿಗೆ ಚಿತೆ ಇಟ್ಟ ಮನೆಯ ಹುಡುಗನಿಗೆ ಮೊಳೆ ಕೊಟ್ಟು, ಹಾವಿನ ತಮ್ಮನಂತಿರುವುದರ ತಲೆಗೆ ಹೊಡೆ ಎಂದರೆ ಕೈ ಹೇಗೆ ಏಳುತ್ತದೆ? ನಿನ್ನ ಮೇಷ್ಟ್ರಿಗೆ ಇದು ತಿಳಿಯದು. ತಿಳಿಸಿ ಹೇಳುವಷ್ಟು ಅವರ ಭಾಷೆ ನಿನಗೆ ಬಾರದು.

ಅಮ್ಮನ ಕತೆ ಬೇರೆಯೇ. ಕಾಗದ ಓದಿ ಹೇಳಿದ ಮೇಲೆ ಅವಳು ಮೀನು ತಿನ್ನುವುದು ಬಿಟ್ಟಿದ್ದಾಳೆ. ದಿನಾ ಮಂಗಳಾದೇವಿಗೆ ಹೋಗಿ ಕೈಮುಗಿದು ಬರುತ್ತಾಳೆ. ಎಂತ ಕೇಳಿಕೊಂಡೆ ರತ್ನಾವತೀ ಎಂದರೆ ಪ್ರಸಾದ ನನ್ನ ಕೈಗಿಟ್ಟು ಒಳಗೆ ಹೋಗುತ್ತಾಳೆ. ಮೊನ್ನೆ ಒಲೆಯ ಮುಂದೆ ಕುಳಿತು ತಾನಾಗಿಯೇ ಹೇಳಿದಳು: "ಅವ ಕೊಯ್ದರೆ ಇದು ನನ್ನ ಮುಖಕ್ಕೆ ಏರುತ್ತದೆ. ಕೊಯ್ಯದಿದ್ದರೆ ಅವನ ಬಾಳು ಹೋಗುತ್ತದೆ. ದೇವರ ಎದುರು ನಿಂತು ಎಂತ ಬೇಡಲಿ, ಸುಮ್ಮನೆ ಕೈಮುಗಿದು ಬರುತ್ತೇನೆ." ನಾನು ಒಲೆಗೆ ಇನ್ನೊಂದು ಕೊಳ್ಳಿ ತುರುಕಿದೆ. ಪಕ್ಕದ ಮನೆಯ ಉರ್ಸುಲಾ ಬಾಯಿ ವಿಷಯ ತಿಳಿದು ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ಮೇಣದಬತ್ತಿ ಹಚ್ಚಿ ಬಂದರು. ಪಾಪ, ಒಳ್ಳೆಯ ಹೆಂಗಸು. "ಹೆದರಬೇಡಿ ಸಂಕಮ್ಮಕ್ಕ, ಕೊಯ್ಯಲಿ, ಎಂತ ಆಗುವುದಿಲ್ಲ" ಎನ್ನುತ್ತಾರೆ. ಅವರ ದೇವರ ತಾಯಿ ಹಾವಿನ ತಲೆಯ ಮೇಲೆ ಕಾಲಿಟ್ಟೇ ನಿಂತಿದ್ದಾಳೆ. ನಮಗೆ ಆ ಸೌಕರ್ಯ ಇಲ್ಲ.

ಕೇಳಿ ಬರೆಯಿರಿ ಎಂದೆಯಲ್ಲ, ಕೇಳಿದೆ. ಕವಡೆ ಹಾಕಿ ಪ್ರಶ್ನೆ ನೋಡುವ ನಮ್ಮ ವಾಮಂಜೂರಿನ ಬಲ್ಯಾಯರಲ್ಲಿಗೆ ಈ ಮೊಣಗಂಟು ಎಳೆದುಕೊಂಡು ಬಸ್ಸಿನಲ್ಲಿ ಹೋದೆ. ಆಡು ಕಳೆದದ್ದು, ಮದುವೆ ತಪ್ಪಿದ್ದು ಕೇಳಿ ಕೇಳಿ ಬೇಸತ್ತ ಮನುಷ್ಯ, ಜಪಾನಿನ ಮೀನು ಎಂದ ಕೂಡಲೇ ನೆಟ್ಟಗೆ ಕುಳಿತರು. ತುಂಬ ಹೊತ್ತು ಕವಡೆ ಆಡಿಸಿ, "ಮೀನೆಂದು ಕೊಂದರೆ ಮೀನು ಸಂಕಮ್ಮಕ್ಕ, ಹಾವೆಂದು ಕೊಂದರೆ ಹಾವು. ಕೊಲ್ಲುವವನ ಮನಸ್ಸಿನಲ್ಲಿ ಎಂತ ಉಂಟೋ ಅದೇ ಲೆಕ್ಕ" ಎಂದರು. ಇಷ್ಟು ಹೇಳಲು ಕವಡೆ ಎಂತಕ್ಕೆ ಎಂದು ಕೇಳಿ ಎದ್ದು ಬಂದೆ. ಬರುವಾಗ ಬಸ್ಸಿನಲ್ಲಿ ಹೊಳೆಯಿತು, ಇನ್ನು ದಾರಿ ಇಲ್ಲ ಎಂದು. ಕೇಳದೆ ಕೊಯ್ದಿದ್ದರೆ ಅದು ಮೀನೇ ಆಗಿತ್ತು ಮಗಾ. ನಿನ್ನ ಜೊತೆ ಕಲಿಯುವ ಆ ಊರಿನ ಮಕ್ಕಳಿಗೆ ಅದು ಮೀನೇ. ನೀನು ಕೇಳಿದೆ, ಅಲ್ಲಿಗೆ ಅದು ಹಾವಾಯಿತು. ಈಗ ನಾನು ಮೀನು ಮೀನು ಎಂದು ಕಾಗದ ತುಂಬ ಬರೆದರೂ ನಿನ್ನ ಹಲಗೆಯ ಮೇಲೆ ಅದು ಹೆಡೆ ಇಲ್ಲದ ನಾಗನೇ.

ಆದರೂ ಕೈಕಟ್ಟಿ ಕೂರುವ ಜಾತಿ ನನ್ನದಲ್ಲ. ಮೀನು ತರುವ ಜಲಜಾಕ್ಷಿಗೆ ಹೇಳಿ ಜೀವದ ಹಾವುಮೀನು ತರಿಸಿದೆ. ನಮ್ಮ ಹೊಳೆಯಲ್ಲೂ ಸಿಗುತ್ತದೆ, ಮಲೆಂಜಿ ಎನ್ನುತ್ತಾರೆ, ಊರವರು ತಿನ್ನುತ್ತಾರೆ, ನಮ್ಮ ಕುಟುಂಬಕ್ಕೆ ಮಾತ್ರ ಆಗದು. "ಈ ಪ್ರಾಯದಲ್ಲಿ ನಿಮಗೆ ಇದೆಂಥ ಆಸೆ" ಎಂದು ಅವಳು ನಗಾಡಿದಳು. ನನ್ನ ಲೆಕ್ಕ ಇಷ್ಟೇ: ನಾನು ಕೊಯ್ಯುವುದು, ಕೊಯ್ದೆ, ಎಂತದೂ ಆಗಲಿಲ್ಲ ಎಂದು ನಿನಗೆ ಬರೆಯುವುದು. ನಾನು ಕೊಯ್ದದ್ದು ಗೊತ್ತಾದರೆ ನಿನ್ನ ಕೈ ಎದ್ದೀತು. ದೋಷ ಬಂದರೂ ನನ್ನಲ್ಲಿ ತಿನ್ನಲು ಎಂತ ಉಳಿದಿದೆ, ಎಲುಬು ಮತ್ತು ನಾಲಿಗೆ. ಹಿತ್ತಿಲಿನಲ್ಲಿ ಹಲಗೆ ಇಟ್ಟೆ, ಮೊಳೆ ಇಟ್ಟೆ, ಕೊಡತಿ ಇಟ್ಟೆ, ಜಾರದ ಹಾಗೆ ಕೈಗೆ ಬೂದಿ ಹಚ್ಚಿಕೊಂಡು ಕುತ್ತಿಗೆ ಹಿಡಿದು ಎತ್ತಿದೆ. ಅದು ಬಾಲದಿಂದ ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಕಚ್ಚಲಿಲ್ಲ, ಬಿಗಿಯಲಿಲ್ಲ. ಜಾತ್ರೆಯಲ್ಲಿ ಕೈ ತಪ್ಪಿದ ಮಗು ಸಿಕ್ಕಿದವರನ್ನು ಹಿಡಿದುಕೊಳ್ಳುವ ಹಾಗೆ ಹಿಡಿದುಕೊಂಡಿತು. ಮೊಳೆಯನ್ನು ತಲೆಗೆ ಇಟ್ಟದ್ದು ನಿಜ. ಕೊಡತಿ ಎತ್ತಿದ್ದೂ ನಿಜ. ಕೋಳಿಯ ಕುತ್ತಿಗೆ ಮುರಿದವಳು ನಾನು, ಹೆಬ್ಬಾವು ಹಟ್ಟಿಗೆ ಬಂದಾಗ ದೊಣ್ಣೆ ಹಿಡಿದು ಓಡಿಸಿದವಳು. ಎತ್ತಿದ ಕೈ ಕೆಳಗೆ ಬರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಬಂದು ನನ್ನ ಕೈಯಿಂದ ಅದನ್ನು ಸುತ್ತು ಸುತ್ತಾಗಿ ಬಿಡಿಸಿದಳು. ಅದರ ಮೈಮೇಲೂ ಅವಳ ಕೈಯ ಮೇಲಿರುವಂಥ ಕಲೆಗಳೇ ಮಗಾ. ಇಬ್ಬರೂ ಮಡಕೆಯಲ್ಲಿ ಹಾಕಿ ಹೊಳೆಗೆ ಬಿಟ್ಟು ಬಂದೆವು. ದಾರಿಯಲ್ಲಿ ಅವಳು "ಅವನಿಂದ ಆಗುವುದಿಲ್ಲ ಅಮ್ಮಾ" ಎಂದಳು, ಅಷ್ಟೇ.

ಹೀಗಾಗಿ ಹೇಳಲು ನನ್ನಲ್ಲಿ ಎಂತದೂ ಇಲ್ಲ. ಕೊಯ್ಯಿ ಎಂದು ಬರೆಯುವ ಬಾಯಿ ನನಗೆ ಇನ್ನಿಲ್ಲ. ಬೇಡ, ಬಾ ಎಂದರೆ ಬಂದು ಎಂತ ಮಾಡುತ್ತಿ? ಅಪ್ಪನ ಹೋಟೆಲಿನಲ್ಲಿ ನೀರುದೋಸೆ ಹೊಯ್ಯಲು ಜಪಾನಿಗೆ ಹೋಗಿ ಅಕ್ಕಿ ತೊಳೆಯಬೇಕಿರಲಿಲ್ಲ. ಹುಳಿ ಅನ್ನದ ಮೇಲೆ ಹಸಿ ಅಂಜಲ್ ಮೀನು ಇಟ್ಟು ಕೊಟ್ಟರೆ ಇಲ್ಲಿನವರು ತಟ್ಟೆಯನ್ನು ನಿನ್ನ ತಲೆಯ ಮೇಲೆಯೇ ಕವುಚಿಯಾರು. ನೀನು ಬರೆದ ಹಾಗೆ ಮಾಡಿ ನೋಡೋಣ ಎಂದು ನಾನೇ ಒಂದು ದಿನ ಅನ್ನಕ್ಕೆ ಹುಳಿ ಕಲಸಿ ಮುದ್ದೆ ಕಟ್ಟಲು ಹೋದೆ. ನಮ್ಮ ಕುಚ್ಚಿಲಕ್ಕಿ, ಒಂದು ಅಗುಳು ಇನ್ನೊಂದರ ಜೊತೆ ನಿಲ್ಲಲಿಲ್ಲ. ಈ ಕಾಗದ ನಿನ್ನ ಕೈಸೇರುವಾಗ ಪರೀಕ್ಷೆ ಮುಗಿದಿದ್ದರೂ ಮುಗಿದಿರಬಹುದು. ತಂತಿ ಕೊಡುವ ಎಂದರೆ ತಂತಿಯಲ್ಲಿ ಎಂತ ಹೇಳುವುದು, ಹೂಂ ಎಂದಾ, ಊಹೂಂ ಎಂದಾ?

ಸ್ವೆಟರು ಹಾಕು. ಬರಿಗಾಲಿನಲ್ಲಿ ತಣ್ಣಗಿನ ನೆಲದ ಮೇಲೆ ನಿಲ್ಲಬೇಡ. ಮೇಷ್ಟ್ರು ಬೈದರೆ ತಿರುಗಿ ಮಾತಾಡಬೇಡ, ಆ ಗುಣ ನನ್ನಿಂದ ಬಂದದ್ದು, ನನಗೇ ಇರಲಿ. ಅಮ್ಮ ನಿನಗೆ ಪ್ರೀತಿ ಬರೆಯಲು ಹೇಳಿದ್ದಾಳೆ. ಅಪ್ಪನೂ ಹೇಳಿದ್ದಾರೆ ಎಂದು ತಿಳಿದುಕೋ. ನಿನ್ನನ್ನು ಕಾಯಬೇಕಾದವರು ಕಾಯಲಿ, ಅವರಿಂದ ಆಗದಿದ್ದರೆ ನನಗಾದರೂ ನಾಲ್ಕು ದಿನ ಆಯುಸ್ಸು ಕೊಡಲಿ.

ಇತಿ ನಿನ್ನ ಅಜ್ಜಿ,
ಸಂಕಮ್ಮ

ತಾ.ಕ. ಉರ್ಸುಲಾ ಬಾಯಿ ಕಾಗದ ಪೋಸ್ಟಿಗೆ ಹಾಕಲು ಕೊಡೆ ಹಿಡಿದು ಜಗಲಿಯಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ನಿನ್ನ ಅಪ್ಪ ಹೇಳಬಾರದೆಂದು ನನ್ನ ಬಾಯಿ ಕಟ್ಟಿದ್ದಾರೆ, ಕೈ ಕಟ್ಟಲಿಲ್ಲ. ಊರಿನಲ್ಲೊಂದು ಮದುವೆಗೆಂದು ಬಂದ ಮೋಹನದಾಸ ಮಾವ ನಿನ್ನೆ ಇದೇ ಜಗಲಿಯಲ್ಲಿ ಅಪ್ಪನಿಗೆ ಹೇಳಿದ್ದು ನಾನು ಒಳಗಿನಿಂದ ಕೇಳಿದೆ. ಬೊಂಬಾಯಿಯ ಹೋಟೆಲಿನವರು ಜಪಾನಿನ ಊಟ ಬೇಡ ಎಂದು ಕೈಬಿಟ್ಟರಂತೆ. ಅದಕ್ಕೆಂದು ಇಟ್ಟ ಕೋಣೆಯಲ್ಲಿ ಚೀನಾದ ಅಡಿಗೆ ಮಾಡಿಸುತ್ತಾರಂತೆ, ಕಲ್ಕತ್ತಾದಿಂದ ಅಡಿಗೆಯವ ಬಂದೂ ಆಯಿತಂತೆ. "ಅವನಿಗೆ ಈಗ ತಿಳಿಸುವುದು ಬೇಡ, ಸರ್ಟಿಫಿಕೇಟು ತರಲಿ, ಎಲ್ಲಿಯಾದರೂ ಬೇಕಾದೀತು" ಎಂದರು ಅಪ್ಪ. ಎಲ್ಲಿ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀನು ಕೊಯ್ದರೂ ಆ ಜಾಗ ಇಲ್ಲ, ಕೊಯ್ಯದಿದ್ದರೂ ಇಲ್ಲ. ಇನ್ನೂ ಕೊಯ್ದಿಲ್ಲವಾದರೆ ಅದಕ್ಕೋಸ್ಕರ ಕೊಯ್ಯಬೇಡ ಮಗಾ. ಕೊಯ್ದಾಗಿದ್ದರೆ ಮನೆಗೆ ಬರೆಯಬೇಡ, ಉರ್ಸುಲಾ ಬಾಯಿಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆ. ನಿನ್ನಿಂದ ಆಗಲಿಲ್ಲ ಎಂದು ನಾನು ಅಮ್ಮನಿಗೆ ಹೇಳುತ್ತೇನೆ.